ಷರತ್ತು ಮುರಿದ ಮೇಲೆ: ಪ್ರೊಬೇಷನ್ ರದ್ದತಿ ಮತ್ತು ವಕೀಲರ ಕೆಲಸ

ಅಪರಾಧ ರುಜುವಾದ ಮೇಲೂ ಅಪರಾಧಿಯನ್ನು ಜೈಲಿಗೆ ಕಳಿಸದೆ, ಕೆಲವು ಷರತ್ತುಗಳನ್ನು ಹಾಕಿ, ಒಬ್ಬ ಅಧಿಕಾರಿಯ ಉಸ್ತುವಾರಿಯಲ್ಲಿ ಮನೆಯಲ್ಲೇ ಇರಗೊಡುವ ಏರ್ಪಾಡಿಗೆ ಪ್ರೊಬೇಷನ್ ಎಂದು ಹೆಸರು. ಕನ್ನಡದ ಕಾನೂನು ಬರಹಗಳು ಇದನ್ನು ಪರಿವೀಕ್ಷಣೆ ಎನ್ನುತ್ತವೆ. ನೌಕರಿಗೆ ಹೊಸದಾಗಿ ಸೇರಿದವರ ಪ್ರೊಬೇಷನ್ ಬೇರೆಯೇ ಆದರೂ ಒಳಗಿನ ಲೆಕ್ಕಾಚಾರ ಒಂದೇ: ಸ್ವಲ್ಪ ದಿನ ನೋಡೋಣ, ನಡತೆ ಸರಿಯಿದ್ದರೆ ಬಿಟ್ಟುಬಿಡೋಣ. ಅವಧಿ ಮುಗಿಯುವವರೆಗೆ ಷರತ್ತು ಪಾಲಿಸಿದವರ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಪಾಲಿಸಲಿಲ್ಲವೆಂದು ವರದಿ ಬಂದರೆ ನ್ಯಾಯಾಲಯ ಮತ್ತೆ ಕರೆಸುತ್ತದೆ. ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ಪಡೆದು ಹಳೆಯ ಅಪರಾಧಕ್ಕೇ ಜೈಲು ಶಿಕ್ಷೆ ವಿಧಿಸಬಹುದು. ಇದೇ ಪ್ರೊಬೇಷನ್ ರದ್ದತಿ.

ಈ ವಿಷಯದಲ್ಲಿ ಅತಿ ಹೆಚ್ಚು ಕಾನೂನು ಬೆಳೆದಿರುವುದು ಅಮೆರಿಕದಲ್ಲಿ. 2022ರ ಕೊನೆಯಲ್ಲಿ ಅಲ್ಲಿ ಸುಮಾರು 30 ಲಕ್ಷ ವಯಸ್ಕರು ಪ್ರೊಬೇಷನ್ನಿನಲ್ಲಿದ್ದರು. ಜೈಲುಗಳ ಒಳಗಿರುವವರ ಸಂಖ್ಯೆ ಇದಕ್ಕಿಂತ ಕಡಿಮೆ. ಅಲ್ಲಿನ ರಾಜ್ಯ ಸರ್ಕಾರಗಳ ಒಕ್ಕೂಟದ ನ್ಯಾಯ ಕೇಂದ್ರ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾಜ್ಯಗಳ ಸೆರೆಮನೆಗೆ ದಾಖಲಾಗುವ ಪ್ರತಿ 100 ಮಂದಿಯಲ್ಲಿ ಸುಮಾರು 45 ಮಂದಿ ಪ್ರೊಬೇಷನ್ ಅಥವಾ ಪೆರೋಲ್ ಷರತ್ತು ಮುರಿದ ಕಾರಣಕ್ಕೆ ಬಂದವರು. ಆ 45ರಲ್ಲಿ 25ರಷ್ಟು ಮಂದಿ ಯಾವ ಹೊಸ ಅಪರಾಧಕ್ಕೂ ಶಿಕ್ಷೆಯಾದವರಲ್ಲ. ಹಾಜರಿ ತಪ್ಪಿದ್ದು, ಶುಲ್ಕ ಕಟ್ಟದಿದ್ದದ್ದು, ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಇಂಥವೇ ಅವರ ತಪ್ಪು. (ಭಾರತದಲ್ಲಿ ಪೆರೋಲ್ ಎಂದರೆ ಕೈದಿಗೆ ಸಿಗುವ ಕೆಲವು ದಿನಗಳ ರಜೆ. ಅಮೆರಿಕದಲ್ಲಿ ಅದು ಶಿಕ್ಷೆಯ ಒಂದು ಭಾಗವನ್ನು ಒಳಗೆ ಕಳೆದು, ಉಳಿದದ್ದನ್ನು ಹೊರಗೆ ಉಸ್ತುವಾರಿಯಲ್ಲಿ ಕಳೆಯುವ ವ್ಯವಸ್ಥೆ.)

ಚಮ್ಮಾರ ಕೊಟ್ಟ ಜಾಮೀನು

ಈ ಪದ್ಧತಿಯ ಬೇರು ಬಾಸ್ಟನ್ ನಗರದಲ್ಲಿದೆ. ಜಾನ್ ಆಗಸ್ಟಸ್ ಅಲ್ಲಿ ಬೂಟು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದವನು. 1841ರ ಆಗಸ್ಟಿನ ಒಂದು ಬೆಳಿಗ್ಗೆ ಪೊಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದಾಗ ಒಬ್ಬ ಕುಡುಕನನ್ನು ಎಳೆದು ತಂದರು. ಆಗಸ್ಟಸ್ ಆತನಿಗೆ ಜಾಮೀನು ನಿಂತ. ಮೂರು ವಾರದ ಮೇಲೆ ಅದೇ ಮನುಷ್ಯನನ್ನು ಕರೆತಂದಾಗ ನ್ಯಾಯಾಧೀಶರಿಗೆ ಗುರುತೇ ಸಿಗದಷ್ಟು ಬದಲಾಗಿದ್ದ. ವಿಧಿಸಿದ ದಂಡ ಒಂದು ಸೆಂಟು, ಜೊತೆಗೆ ನ್ಯಾಯಾಲಯದ ಖರ್ಚು. ಅಲ್ಲಿಂದ ಮುಂದೆ 1858ರವರೆಗೆ ಆಗಸ್ಟಸ್ 1,946 ಮಂದಿಗೆ ಜಾಮೀನಾದ, ಸಂಬಳವಿಲ್ಲ, ಹುದ್ದೆಯಿಲ್ಲ. ಮೆಸಾಚುಸೆಟ್ಸ್ ರಾಜ್ಯ 1878ರಲ್ಲಿ ಇದನ್ನೇ ಕಾನೂನು ಮಾಡಿ ಸಂಬಳದ ಅಧಿಕಾರಿಯನ್ನು ನೇಮಿಸಿತು. ಕೇಂದ್ರ ನ್ಯಾಯಾಲಯಗಳಿಗೆ ಈ ಅಧಿಕಾರ ಬಂದದ್ದು 1925ರ ಕಾಯ್ದೆಯಿಂದ. ಅದಕ್ಕೆ ಒಂಬತ್ತು ವರ್ಷ ಮೊದಲು, ಶಾಸನದ ಬೆಂಬಲವಿಲ್ಲದೆ ನ್ಯಾಯಾಧೀಶರು ಶಿಕ್ಷೆಯನ್ನು ಹೀಗೆ ಅನಿರ್ದಿಷ್ಟವಾಗಿ ಅಮಾನತಿನಲ್ಲಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು.

ಆಗಸ್ಟಸ್‌ನ ಕಾಲದಲ್ಲಿ ಪ್ರೊಬೇಷನ್ ಎಂದರೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಟ್ಟ ಮಾತು. ಇಂದು ಅದು ಹತ್ತಿಪ್ಪತ್ತು ಷರತ್ತುಗಳ ಮುದ್ರಿತ ಹಾಳೆ. ಗೊತ್ತುಮಾಡಿದ ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು, ಕೆಲಸ ಹುಡುಕಿಕೊಂಡು ಅದರಲ್ಲೇ ಇರಬೇಕು, ಮನೆ ಬದಲಿಸುವ ಮುನ್ನ ತಿಳಿಸಬೇಕು, ಅನುಮತಿ ಇಲ್ಲದೆ ಜಿಲ್ಲೆ ಅಥವಾ ರಾಜ್ಯ ದಾಟಬಾರದು, ಕೇಳಿದಾಗ ಮೂತ್ರದ ಮಾದರಿ ಕೊಡಬೇಕು, ದಂಡ, ಪರಿಹಾರಧನ ಮತ್ತು ಬಹಳ ಕಡೆ ಉಸ್ತುವಾರಿಯ ಶುಲ್ಕವನ್ನೂ ತಿಂಗಳು ತಿಂಗಳು ಕಟ್ಟಬೇಕು. ಹೊಸ ಅಪರಾಧ ಮಾಡಕೂಡದು ಎಂಬುದಂತೂ ಇದ್ದೇ ಇದೆ. ಷರತ್ತು ಹೆಚ್ಚಿದಷ್ಟೂ ಮುರಿಯುವ ದಾರಿಯೂ ಹೆಚ್ಚು. ಹೊಸ ಅಪರಾಧದಿಂದಾದ ಉಲ್ಲಂಘನೆ ಒಂದು ಬಗೆ. ಮಿಕ್ಕದ್ದೆಲ್ಲ ‘ತಾಂತ್ರಿಕ’ ಉಲ್ಲಂಘನೆ ಎನ್ನಿಸಿಕೊಳ್ಳುತ್ತದೆ; ಹೆಸರು ಸೌಮ್ಯವಾಗಿದ್ದರೂ ಜೈಲಿನ ಬಾಗಿಲು ಎರಡಕ್ಕೂ ಒಂದೇ.

ವಕೀಲರು ಮೊದಲು ನೋಡುವುದು ಮೂಲ ತೀರ್ಪಿನ ಮಾತುಗಳನ್ನು. ಕೆಲವು ತೀರ್ಪುಗಳಲ್ಲಿ ನ್ಯಾಯಾಧೀಶರು ‘ಮೂರು ವರ್ಷ ಜೈಲು’ ಎಂದು ಘೋಷಿಸಿ, ಅದರ ಜಾರಿಯನ್ನು ತಡೆಹಿಡಿದಿರುತ್ತಾರೆ. ಪ್ರೊಬೇಷನ್ ರದ್ದಾದರೆ ತಲೆಯ ಮೇಲೆ ಬೀಳುವುದು ಸಾಮಾನ್ಯವಾಗಿ ಆ ಮೂರು ವರ್ಷ, ಅದಕ್ಕಿಂತ ಹೆಚ್ಚಲ್ಲ. ಇನ್ನು ಕೆಲವು ಕಡೆ ಶಿಕ್ಷೆಯನ್ನು ಘೋಷಿಸುವುದನ್ನೇ ಮುಂದೂಡಿರುತ್ತಾರೆ. ಆಗ ರದ್ದತಿಯ ದಿನ ನ್ಯಾಯಾಧೀಶರ ಕೈ ಬಿಚ್ಚಿರುತ್ತದೆ. ಆ ಅಪರಾಧಕ್ಕೆ ಕಾನೂನು ಎಷ್ಟು ಗರಿಷ್ಠ ಶಿಕ್ಷೆ ಹೇಳಿದೆಯೋ ಅಲ್ಲಿಯವರೆಗೂ ಹೋಗಬಹುದು. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಮೂರನೆಯದೊಂದು ಬಗೆಯಿದೆ: ಆರೋಪಿ ತಪ್ಪೊಪ್ಪಿಕೊಂಡರೂ ನ್ಯಾಯಾಲಯ ಅಪರಾಧಿ ಎಂದು ಘೋಷಿಸದೆ ತಡೆದಿರುತ್ತದೆ. ಅವಧಿ ಸುಸೂತ್ರವಾಗಿ ಕಳೆದರೆ ಅಪರಾಧಿಯೆಂಬ ಹಣೆಪಟ್ಟಿಯೇ ಬೀಳುವುದಿಲ್ಲ. ಅಂಥವರು ಷರತ್ತು ಮುರಿದರೆ ಕಳೆದುಕೊಳ್ಳುವುದು ದೊಡ್ಡದು.

ಇದರ ಜೊತೆಗೆ ಇನ್ನೊಂದು ಪೆಟ್ಟಿದೆ. ಅನೇಕ ರಾಜ್ಯಗಳಲ್ಲಿ ಪ್ರೊಬೇಷನ್ನಿನಲ್ಲಿ ಹೊರಗೆ ಕಳೆದ ದಿನಗಳು ಜೈಲು ಶಿಕ್ಷೆಯ ಲೆಕ್ಕಕ್ಕೆ ಸಿಗುವುದಿಲ್ಲ. ಮೂರು ವರ್ಷದ ಪ್ರೊಬೇಷನ್ನಿನಲ್ಲಿ ಎರಡು ವರ್ಷ ಹತ್ತು ತಿಂಗಳು ತಪ್ಪದೆ ನಡೆದವನು ಕೊನೆಯ ಎರಡು ತಿಂಗಳಲ್ಲಿ ಎಡವಿದರೆ, ಶಿಕ್ಷೆಯ ಎಣಿಕೆ ಮತ್ತೆ ಒಂದನೆಯ ದಿನದಿಂದ ಶುರು.

ಆರು ಹಕ್ಕುಗಳು, ಒಂದು ಅರೆಹಕ್ಕು

ರದ್ದತಿಗೆ ವಿಚಾರಣೆಯೇ ಬೇಕಿಲ್ಲ, ಪ್ರೊಬೇಷನ್ ಸರ್ಕಾರದ ಕೃಪೆ ಮಾತ್ರ, ಕೊಟ್ಟವರು ಕಿತ್ತುಕೊಳ್ಳಬಹುದು ಎಂಬ ವಾದ ಅಮೆರಿಕದಲ್ಲಿ ಬಹುಕಾಲ ನಡೆದಿತ್ತು. ಅದನ್ನು ಮುರಿದದ್ದು 1967ರಿಂದ 1973ರೊಳಗೆ ಬಂದ ಮೂರು ತೀರ್ಪುಗಳು.

ಮೊದಲನೆಯದು ವಾಷಿಂಗ್ಟನ್ ರಾಜ್ಯದ ಮೆಂಪಾ ಪ್ರಕರಣ. 17 ವರ್ಷದ ಹುಡುಗ. ಬೇರೆಯವರ ಕಾರನ್ನು ಕೇಳದೆ ಓಡಿಸಿದ ತಪ್ಪಿಗೆ 1959ರಲ್ಲಿ ಪ್ರೊಬೇಷನ್ ಸಿಕ್ಕಿತ್ತು. ಕೆಲವು ತಿಂಗಳಲ್ಲೇ ಕಳವಿನಲ್ಲಿ ಭಾಗಿಯೆಂಬ ದೂರು ಬಂತು. ವಿಚಾರಣೆಯ ದಿನ ಜೊತೆಗಿದ್ದವನು ಮಲತಂದೆ. ವಕೀಲರಿರಲಿಲ್ಲ, ಬೇಕೇ ಎಂದು ಯಾರೂ ಕೇಳಲೂ ಇಲ್ಲ. ಪ್ರೊಬೇಷನ್ ಅಧಿಕಾರಿಯ ಹೇಳಿಕೆಗೆ ಪಾಟೀ ಸವಾಲಿಲ್ಲದೆ 10 ವರ್ಷದ ಶಿಕ್ಷೆ ಬಿತ್ತು. ಶಿಕ್ಷೆ ಘೋಷಿಸುವುದನ್ನು ಮುಂದೂಡಿದ್ದ ಪ್ರಕರಣದಲ್ಲಿ ಆ ಘೋಷಣೆಯ ದಿನ ವಕೀಲರು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು.

1972ರ ಮಾರಿಸ್ಸಿ ತೀರ್ಪು ಪೆರೋಲಿಗೆ ಸಂಬಂಧಿಸಿದ್ದು. ಆದರೆ ಮರುವರ್ಷವೇ ಸ್ಕಾರ್ಪೆಲ್ಲಿ ಪ್ರಕರಣದಲ್ಲಿ ಅದೇ ನಿಯಮಗಳು ಪ್ರೊಬೇಷನ್ನಿಗೂ ಅನ್ವಯಿಸಿದವು. ಎರಡು ಹಂತದ ವಿಚಾರಣೆ: ಬಂಧನದ ನಂತರ ಬೇಗನೆ, ದೂರಿಗೆ ಮೇಲ್ನೋಟಕ್ಕೆ ಆಧಾರವಿದೆಯೇ ಎಂದು ನೋಡುವುದು ಒಂದು, ಅಂತಿಮ ವಿಚಾರಣೆ ಇನ್ನೊಂದು. ಅಂತಿಮ ವಿಚಾರಣೆಗೆ ಆರು ಕನಿಷ್ಠ ಹಕ್ಕುಗಳನ್ನು ನ್ಯಾಯಾಲಯ ಎಣಿಸಿ ಕೊಟ್ಟಿತು. ಯಾವ ಷರತ್ತು ಮುರಿದಿದೆ ಎಂಬ ಲಿಖಿತ ನೋಟಿಸು, ವಿರುದ್ಧ ಇರುವ ಸಾಕ್ಷ್ಯವನ್ನು ನೋಡುವ ಅವಕಾಶ, ಖುದ್ದಾಗಿ ಹಾಜರಾಗಿ ತನ್ನ ಸಾಕ್ಷಿಗಳನ್ನು ಕರೆಸುವ ಅವಕಾಶ, ಎದುರು ಸಾಕ್ಷಿಗಳಿಗೆ ಪಾಟೀ ಸವಾಲು, ಪಕ್ಷಪಾತವಿಲ್ಲದ ವಿಚಾರಣಾಧಿಕಾರಿ, ಕೊನೆಗೆ ಕಾರಣ ಬರೆದ ಆದೇಶ. ಪಾಟೀ ಸವಾಲಿಗೆ ಮಾತ್ರ ಒಂದು ಕಿಂಡಿ ಉಳಿಯಿತು: ಸಾಕ್ಷಿಯನ್ನು ಕರೆಸದಿರಲು ತಕ್ಕ ಕಾರಣವಿದ್ದರೆ ಅದನ್ನು ನಿರಾಕರಿಸಬಹುದು.

ಅರೆಹಕ್ಕು ಎಂದರೆ ವಕೀಲರ ಹಕ್ಕು. ಶಿಕ್ಷೆ ಆಗಲೇ ಘೋಷಣೆಯಾಗಿದ್ದ ಪ್ರಕರಣಗಳಲ್ಲಿ ಎಲ್ಲರಿಗೂ ಸರ್ಕಾರಿ ಖರ್ಚಿನ ವಕೀಲರು ಬೇಕೆಂದು ಸ್ಕಾರ್ಪೆಲ್ಲಿ ತೀರ್ಪು ಹೇಳಲಿಲ್ಲ. ತಾನು ಉಲ್ಲಂಘಿಸಿಲ್ಲ ಎಂದು ಅಥವಾ ಉಲ್ಲಂಘಿಸಿದ್ದಕ್ಕೆ ಬಲವಾದ, ಬಿಡಿಸಿ ಹೇಳಲು ಕಷ್ಟವಾದ ಕಾರಣವಿದೆ ಎಂದು ಮಂಡಿಸುವವರಿಗೆ ಕೊಡಬೇಕು, ಒಂದೊಂದು ಪ್ರಕರಣವನ್ನೂ ನೋಡಿ ತೀರ್ಮಾನಿಸಬೇಕು ಎಂದಿತು. ಬಿಡಿಸಿ ಹೇಳಲು ವಕೀಲರು ಬೇಕು, ವಕೀಲರು ಬೇಕೆಂದರೆ ಮೊದಲು ಬಿಡಿಸಿ ಹೇಳಬೇಕು. ಈ ಸುತ್ತುಬಳಸಿನ ನಿಯಮದಿಂದ ಕಷ್ಟವಾಗುವುದು ಓದುಬರಹ ಬಾರದವರಿಗೇ. ಅದೃಷ್ಟಕ್ಕೆ ಹಲವು ರಾಜ್ಯಗಳು ತಮ್ಮ ಕಾನೂನಿನಲ್ಲಿ ಇದಕ್ಕಿಂತ ಮುಂದೆ ಹೋಗಿ, ರದ್ದತಿ ಎದುರಿಸುವ ಎಲ್ಲ ಬಡವರಿಗೂ ವಕೀಲರನ್ನು ಒದಗಿಸುತ್ತವೆ. ಕೇಂದ್ರ ನ್ಯಾಯಾಲಯಗಳಲ್ಲೂ ಹಾಗೆಯೇ.

ಇಷ್ಟಾದರೂ ಇದು ಪೂರ್ಣ ವಿಚಾರಣೆಯಲ್ಲ. ಇಲ್ಲಿ ಜ್ಯೂರಿ ಇಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಬೇಕಾಗುವ ‘ಸಂಶಯಕ್ಕೆ ಎಡೆಯಿಲ್ಲದ’ ರುಜುವಾತು ಇಲ್ಲಿ ಬೇಡ. ಹೆಚ್ಚಿನ ಕಡೆ ಆದದ್ದೇ ಇರಬೇಕು ಎಂದು ತಕ್ಕಡಿ ಚೂರು ವಾಲಿದರೆ ಸಾಕು. ಹೀಗಾಗಿ ಹೊಸ ಪ್ರಕರಣದಲ್ಲಿ ಖುಲಾಸೆಯಾದವನೂ ಅದೇ ಘಟನೆಗಾಗಿ ಪ್ರೊಬೇಷನ್ ಕಳೆದುಕೊಳ್ಳಬಹುದು. ಮಿನ್ನೆಸೋಟಾ ಇದಕ್ಕೊಂದು ಅಪವಾದ. ಅಲ್ಲಿ ಸ್ಪಷ್ಟವಾದ, ಮನದಟ್ಟಾಗುವ ಸಾಕ್ಷ್ಯವನ್ನೇ ಕೇಳುತ್ತಾರೆ. ಕೇಳಿದವರ ಬಾಯಿಂದ ಕೇಳಿದ ಮಾತು ಕೂಡ ಒಂದು ಮಿತಿಯಲ್ಲಿ ರದ್ದತಿ ವಿಚಾರಣೆಯಲ್ಲಿ ಸಾಕ್ಷ್ಯವಾಗುತ್ತದೆ. ಪೊಲೀಸರು ಕಾನೂನು ಮೀರಿ ಶೋಧಿಸಿ ತಂದ ವಸ್ತುವನ್ನೂ ಪೆರೋಲ್ ವಿಚಾರಣೆಯಲ್ಲಿ ಬಳಸಬಹುದು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಹೆಚ್ಚಿನ ನ್ಯಾಯಾಲಯಗಳು ಅದನ್ನು ಪ್ರೊಬೇಷನ್ನಿಗೂ ಹಚ್ಚಿವೆ. ವಿಚಾರಣೆ ಚಿಕ್ಕದು, ಎದುರಿಗಿರುವ ಜೈಲು ಮಾತ್ರ ಪೂರ್ತಿ ಗಾತ್ರದ್ದು. ವಕೀಲರು ಕೆಲಸ ಮಾಡಬೇಕಾದದ್ದು ಈ ಇಕ್ಕಟ್ಟಿನಲ್ಲಿ.

ಮೊದಲ ದಿನ

ರದ್ದತಿ ಶುರುವಾಗುವುದು ಪ್ರೊಬೇಷನ್ ಅಧಿಕಾರಿಯ ವರದಿಯಿಂದ. ಅದರ ಮೇಲೆ ಸಮನ್ಸ್ ಬರಬಹುದು, ಇಲ್ಲವೇ ನೇರ ವಾರಂಟ್. ಸಾಮಾನ್ಯ ಆರೋಪಿಗೆ ಜಾಮೀನಿನ ದಾರಿ ತಕ್ಕಮಟ್ಟಿಗೆ ತೆರೆದಿರುತ್ತದೆ, ಪ್ರೊಬೇಷನ್ನಿನವನಿಗೆ ಅಷ್ಟಿಲ್ಲ. ಅನೇಕ ಕಡೆ ವಿಚಾರಣೆ ಮುಗಿಯುವವರೆಗೂ ಒಳಗೇ ಇರಬೇಕಾಗುತ್ತದೆ. ನಾಲ್ಕು ವಾರ ಒಳಗಿದ್ದರೆ ಕೆಲಸ ಹೋಗುತ್ತದೆ, ಬಾಡಿಗೆ ಬಾಕಿ ಬೀಳುತ್ತದೆ. ಆಮೇಲೆ ‘ಈತನಿಗೆ ನೌಕರಿಯಿಲ್ಲ, ನೆಲೆಯಿಲ್ಲ’ ಎಂಬುದೇ ರದ್ದತಿಗೆ ಇನ್ನೊಂದು ಕಾರಣವಾಗಿ ನಿಲ್ಲುತ್ತದೆ. ಆದ್ದರಿಂದ ಅನುಭವಿ ವಕೀಲರು ಮೊದಲ ಅರ್ಜಿ ಹಾಕುವುದು ಬಿಡುಗಡೆಗೆ. ವಾರಂಟ್ ಹೊರಟಿರುವ ಸುದ್ದಿ ಮೊದಲೇ ಸಿಕ್ಕರೆ, ಕಕ್ಷಿದಾರರನ್ನು ತಾವೇ ನ್ಯಾಯಾಲಯಕ್ಕೆ ಕರೆದೊಯ್ದು ಹಾಜರುಪಡಿಸುತ್ತಾರೆ. ತಾನಾಗಿ ಬಂದವನಿಗೂ ಹಿಡಿದು ತಂದವನಿಗೂ ನ್ಯಾಯಾಧೀಶರ ಕಣ್ಣಿನಲ್ಲಿ ಬಹಳ ವ್ಯತ್ಯಾಸ.

ದಿನಾಂಕಗಳನ್ನು ತಾಳೆ ನೋಡುವುದೂ ಅಂದಿನ ಕೆಲಸವೇ. ಪ್ರೊಬೇಷನ್ ಅವಧಿ ಮುಗಿಯುವ ಮೊದಲೇ ದೂರು ಅಥವಾ ವಾರಂಟ್ ಆಗಿರಬೇಕೆಂಬುದು ಸಾಮಾನ್ಯ ನಿಯಮ. ಒಂದು ದಿನ ತಡವಾಗಿದ್ದರೂ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲದೆ ಹೋಗಬಹುದು. ಆದರೆ ವಾರಂಟ್ ಹೊರಟ ಗಳಿಗೆಯಿಂದ ಅವಧಿಯ ಗಡಿಯಾರ ನಿಂತಂತೆ ಎನ್ನುವ ರಾಜ್ಯಗಳೂ ಬಹಳ. ತಲೆಮರೆಸಿಕೊಂಡು ದಿನ ದೂಡಿದರೆ ಪಾರಾಗಬಹುದೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ ಮಾತಿಗೆ ಸಂಬಂಧಿಸಿದ್ದು. ಪ್ರೊಬೇಷನ್ ಅಧಿಕಾರಿಯ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ನಡೆಯುವ ಮಾತುಕತೆ ಪೊಲೀಸ್ ಠಾಣೆಯ ವಿಚಾರಣೆಯಂತೆ ಕಾಣುವುದಿಲ್ಲ. ಆದರೆ ಅಲ್ಲಿ ಆಡಿದ ಮಾತು ದಾಖಲೆ. ಮಿನ್ನೆಸೋಟಾದ ಮರ್ಫಿ ಎಂಬಾತ ಹೀಗೆಯೇ ಅಧಿಕಾರಿಯೆದುರು ಹಳೆಯ ಕೊಲೆಯೊಂದನ್ನು ಒಪ್ಪಿಕೊಂಡ. ಮೌನದ ಹಕ್ಕನ್ನು ಬಾಯಿಬಿಟ್ಟು ಕೇಳದ ಕಾರಣ ಆ ಹೇಳಿಕೆಯನ್ನು ಕೊಲೆ ಮೊಕದ್ದಮೆಯಲ್ಲೇ ಬಳಸಬಹುದು ಎಂದು 1984ರ ತೀರ್ಪು ಹೇಳಿತು. ಮನೆಯ ಗೋಡೆಯೂ ತೆಳುವೇ: 1987 ಮತ್ತು 2001ರ ತೀರ್ಪುಗಳ ಪ್ರಕಾರ ಪ್ರೊಬೇಷನ್ನಿನಲ್ಲಿರುವವರ ಮನೆಯನ್ನು ಸಕಾರಣ ಅನುಮಾನದ ಮೇಲೆ ವಾರಂಟಿಲ್ಲದೆ ಶೋಧಿಸಬಹುದು.

ಅಧಿಕಾರಿ ಯಾವಾಗಲೂ ಎದುರಾಳಿಯೇ ಎಂದಲ್ಲ. ಒಬ್ಬೊಬ್ಬ ಅಧಿಕಾರಿಯ ಕೈಕೆಳಗೆ ಹತ್ತಾರು, ಕೆಲವು ಕಡೆ ನೂರಕ್ಕೂ ಹೆಚ್ಚು ಮಂದಿ ಇರುತ್ತಾರೆ. ತಪ್ಪಿದ ಹಾಜರಿಗೆ ಆಸ್ಪತ್ರೆಯ ಚೀಟಿ ತೋರಿಸಿದರೆ, ಬಾಕಿ ಶುಲ್ಕದಲ್ಲಿ ಅರ್ಧ ಕಟ್ಟಿದರೆ, ದೂರು ಹಿಂದಕ್ಕೆ ಹೋಗುವುದೂ ಉಂಟು. ನ್ಯಾಯಾಲಯದ ಮೆಟ್ಟಿಲು ಹತ್ತದೆ ಮುಗಿಯುವ ಪ್ರಕರಣಗಳಲ್ಲಿ ವಕೀಲರ ಜಾಣತನ ಕಾಣಿಸುವುದು ಇಂಥ ಫೋನಿನ ಮಾತಿನಲ್ಲಿ.

ಆಗಿದೆಯೇ? ಬೇಕೆಂದೇ ಆಗಿದೆಯೇ?

ವಿಚಾರಣೆಗೆ ನಿಂತ ಮೇಲೆ ಮೊದಲ ಪ್ರಶ್ನೆ, ಉಲ್ಲಂಘನೆ ನಿಜವಾಗಿ ಆಗಿದೆಯೇ ಎಂಬುದು. ಷರತ್ತು ಬರಹದಲ್ಲಿತ್ತೇ, ಆತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ್ದರೇ, ‘ಒಳ್ಳೆಯ ನಡತೆ’ಯಂಥ ಅಸ್ಪಷ್ಟ ಮಾತಿನ ಮೇಲೆ ದೂರು ನಿಂತಿದೆಯೇ ಎಂದು ವಕೀಲರು ಕೆದಕುತ್ತಾರೆ.

ಮೂತ್ರಪರೀಕ್ಷೆಯ ಪ್ರಕರಣಗಳಲ್ಲಿ ಕೆದಕಲು ಹೆಚ್ಚು ಸಿಗುತ್ತದೆ. ಕಚೇರಿಯಲ್ಲೇ ನಡೆಯುವ ಪಟ್ಟಿಯ (ಸ್ಟ್ರಿಪ್) ಪರೀಕ್ಷೆ ಪ್ರಾಥಮಿಕ ಮಾತ್ರ; ಒಂದನ್ನು ಹೋಲುವ ಇನ್ನೊಂದು ರಾಸಾಯನಿಕಕ್ಕೂ ಅದು ಬಣ್ಣ ತೋರಬಹುದು. ಖಚಿತಪಡಿಸಲು ಪ್ರಯೋಗಾಲಯದ ಯಂತ್ರದಲ್ಲಿ ಎರಡನೆಯ ಪರೀಕ್ಷೆ ಆಗಬೇಕು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮುದ್ರೆ ಸರಿಯಿತ್ತೇ, ವೈದ್ಯರು ಬರೆದ ಮಾತ್ರೆ ಇತ್ತೇ, ಎಲ್ಲವೂ ಪಾಟೀ ಸವಾಲಿಗೆ ವಸ್ತು. ಗಸಗಸೆಯೂ ಇಲ್ಲಿ ಸಾಕ್ಷಿಯಾಗುತ್ತದೆ. ಕನ್ನಡಿಗರ ಮನೆಯ ಪಾಯಸಕ್ಕೆ ಬೀಳುವ ಅದೇ ಗಸಗಸೆ; ಅಫೀಮಿನ ಗಿಡದ ಬೀಜವಾದ್ದರಿಂದ ತಿಂದವರ ಮೂತ್ರದಲ್ಲಿ ಮಾರ್ಫೀನಿನ ಅಂಶ ಕಾಣಿಸಬಹುದು. ಈ ಕಾರಣಕ್ಕೇ 1998ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2,000ಕ್ಕೆ ಏರಿಸಿತು. ಪ್ರೊಬೇಷನ್ ಕಚೇರಿಯ ಪರೀಕ್ಷೆಗೆ ಯಾವ ಮಿತಿ ಇಟ್ಟಿದ್ದಾರೆ ಎಂದು ಕೇಳದ ವಕೀಲ ಅರ್ಧ ಕೆಲಸವನ್ನು ಬಿಟ್ಟಂತೆ.

ಎರಡನೆಯ ಪ್ರಶ್ನೆ ಇನ್ನೂ ಆಳದ್ದು: ಉಲ್ಲಂಘನೆ ಬೇಕೆಂದೇ ಆಯಿತೇ, ಕೈಮೀರಿ ಆಯಿತೇ? ಇದಕ್ಕೆ ದಾರಿ ತೋರಿದ್ದು 1983ರ ಬೇರ್ಡನ್ ತೀರ್ಪು. ಜಾರ್ಜಿಯಾ ರಾಜ್ಯದ ಈ ಕೂಲಿಗಾರನ ಮೇಲೆ ಕನ್ನಗಳವು ಮತ್ತು ಕದ್ದ ಮಾಲು ಇಟ್ಟುಕೊಂಡ ಆರೋಪವಿತ್ತು. ತಪ್ಪೊಪ್ಪಿಕೊಂಡಾಗ 500 ಡಾಲರ್ ದಂಡ, 250 ಡಾಲರ್ ಪರಿಹಾರ ಕಟ್ಟುವ ಷರತ್ತಿನ ಮೇಲೆ ಪ್ರೊಬೇಷನ್ ಸಿಕ್ಕಿತು. ತಂದೆತಾಯಿಯಿಂದ ಸಾಲ ತಂದು 200 ಡಾಲರ್ ಕಟ್ಟಿದ. ಉಳಿದ 550ಕ್ಕೆ ನಾಲ್ಕು ತಿಂಗಳ ಗಡುವು. ಸುಮಾರು ಒಂದು ತಿಂಗಳಲ್ಲಿ ಕೆಲಸ ಹೋಯಿತು. ಒಂಬತ್ತನೆಯ ತರಗತಿಯವರೆಗೆ ಹೋಗಿದ್ದರೂ ಓದಲು ಬಾರದವನಿಗೆ ಬೇರೆ ಕೆಲಸ ಸಿಗಲಿಲ್ಲ. ಹಣ ತಡವಾಗುತ್ತದೆ ಎಂದು ಕಚೇರಿಗೆ ಫೋನು ಮಾಡಿ ಹೇಳಿಯೂ ಇದ್ದ. ಆದರೂ ಪ್ರೊಬೇಷನ್ ರದ್ದಾಗಿ ಜೈಲಿಗೆ ಹೋದ.

ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಬರೆದ ತೀರ್ಪಿನ ಸಾರ ಹೀಗಿದೆ: ಹಣ ಏಕೆ ಕಟ್ಟಲಿಲ್ಲ ಎಂದು ನ್ಯಾಯಾಲಯ ಮೊದಲು ವಿಚಾರಿಸಬೇಕು. ಇದ್ದೂ ಕಟ್ಟದವನನ್ನು, ದುಡಿಯಲು ಪ್ರಯತ್ನವನ್ನೇ ಪಡದವನನ್ನು ಜೈಲಿಗೆ ಕಳಿಸಬಹುದು. ಪ್ರಯತ್ನಪಟ್ಟೂ ಕೈಲಾಗದವನಿಗೆ ಜೈಲಿನ ಬದಲು ಬೇರೆ ಶಿಕ್ಷೆ ಸಾಕಾಗುತ್ತದೆಯೇ ಎಂದು ನೋಡಬೇಕು. ಸಾಲದು ಎಂದಾದರೆ ಮಾತ್ರ ಜೈಲು. ಈ ತೀರ್ಪಿನಿಂದಾಗಿ ವಕೀಲರ ಕಡತ ಕಾಗದಗಳಿಂದ ತುಂಬುತ್ತದೆ: ಸಂಬಳದ ಚೀಟಿ, ಕೆಲಸದಿಂದ ತೆಗೆದ ಪತ್ರ, ಅರ್ಜಿ ಹಾಕಿದ ಕಡೆಗಳ ಪಟ್ಟಿ, ಬಾಡಿಗೆ ರಸೀತಿ, ಮಗುವಿನ ಔಷಧಿಯ ಬಿಲ್ಲು. ಆದರೆ ‘ಬೇಕೆಂದೇ ಕಟ್ಟಲಿಲ್ಲ’ ಎಂಬುದನ್ನು ಹೇಗೆ ಅಳೆಯಬೇಕು ಎಂದು ತೀರ್ಪು ಖಚಿತವಾಗಿ ಹೇಳದೆ ಬಿಟ್ಟದ್ದರಿಂದ, ನಲವತ್ತು ವರ್ಷದ ಮೇಲೂ ಒಂದೊಂದು ನ್ಯಾಯಾಲಯದ ಅಳತೆಗೋಲು ಒಂದೊಂದು ಉದ್ದ.

ಹಣದಾಚೆಗೂ ಈ ತರ್ಕವನ್ನು ಹಿಗ್ಗಿಸಿದ ರಾಜ್ಯಗಳಿವೆ. ಫ್ಲೋರಿಡಾದಲ್ಲಿ ಉಲ್ಲಂಘನೆ ಉದ್ದೇಶಪೂರ್ವಕವೂ ಗಣನೀಯವೂ ಆಗಿರಬೇಕು. ಮಿನ್ನೆಸೋಟಾದಲ್ಲಿ 1980ರ ಆಸ್ಟಿನ್ ತೀರ್ಪಿನಂತೆ ನ್ಯಾಯಾಧೀಶರು ಮೂರು ಮೆಟ್ಟಿಲು ಹತ್ತಬೇಕು: ಮುರಿದ ಷರತ್ತನ್ನು ಹೆಸರಿಸಿ ಹೇಳಬೇಕು, ಅದು ಉದ್ದೇಶಪೂರ್ವಕ ಅಥವಾ ಕ್ಷಮೆಗೆ ಅರ್ಹವಲ್ಲದ್ದು ಎಂದು ಕಾಣಬೇಕು, ಹೊರಗಿಡುವ ಪ್ರಯೋಜನಕ್ಕಿಂತ ಒಳಗಿಡುವ ಅಗತ್ಯ ಹೆಚ್ಚೆಂದು ತೋರಿಸಬೇಕು. ಇದಕ್ಕೆ ವಿರುದ್ಧವಾಗಿ, ಕೇಂದ್ರ ಕಾನೂನಿನಲ್ಲಿ ಕೆಲವು ಉಲ್ಲಂಘನೆಗಳಿಗೆ ರದ್ದತಿ ಕಡ್ಡಾಯ. ಮಾದಕ ವಸ್ತು ಅಥವಾ ಕಾನೂನುಬಾಹಿರವಾಗಿ ಬಂದೂಕು ಇಟ್ಟುಕೊಳ್ಳುವುದು, ಪರೀಕ್ಷೆಗೆ ಒಪ್ಪದಿರುವುದು, ಒಂದು ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಸಲ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಅಂಥವು.

ತಪ್ಪಾಗಿದೆ ಸರಿ, ಮುಂದೇನು?

ಬಹುಪಾಲು ಪ್ರಕರಣಗಳಲ್ಲಿ ಉಲ್ಲಂಘನೆ ಆದದ್ದು ನಿಜವೇ. ಆಗ ಹೋರಾಟ ಶಿಕ್ಷೆಯ ಅಳತೆಗೆ ಬಂದು ನಿಲ್ಲುತ್ತದೆ. ನ್ಯಾಯಾಧೀಶರ ಮುಂದೆ ಜೈಲೊಂದೇ ಇರುವುದಿಲ್ಲ. ಎಚ್ಚರಿಕೆ ಕೊಟ್ಟು ಬಿಡಬಹುದು, ಅವಧಿ ಉದ್ದ ಮಾಡಬಹುದು, ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಬಹುದು, ಕಾಲಿಗೆ ಎಲೆಕ್ಟ್ರಾನಿಕ್ ಕಡಗ ಹಾಕಿಸಬಹುದು, ವಾರಾಂತ್ಯಕ್ಕೆ ಮಾತ್ರ ಒಳಗಿಡಬಹುದು. ಈ ಪರ್ಯಾಯಗಳನ್ನು ಪರಿಗಣಿಸಿದ್ದೇವೆ ಎಂದು ಬರೆದು ತೋರಿಸುವ ಹೊಣೆ ಸಂವಿಧಾನದಿಂದ ಬರುವುದಿಲ್ಲ ಎಂದು 1985ರ ರೊಮಾನೋ ತೀರ್ಪು ಹೇಳಿದೆ. ಹಾಗಾಗಿ ಪರ್ಯಾಯವನ್ನು ಹುಡುಕಿ ಮೇಜಿನ ಮೇಲೆ ಇಡುವ ಹೊರೆ ವಕೀಲರದ್ದೇ. ‘ಚಿಕಿತ್ಸೆಗೆ ಸೇರುತ್ತಾನೆ’ ಎಂಬ ಭರವಸೆಗಿಂತ ‘ಸೋಮವಾರ ಸೇರಿದ್ದಾನೆ, ಇಗೋ ಪತ್ರ’ ಎಂಬ ಮಾತಿಗೆ ತೂಕ. ಮೇಲ್ಮನವಿಯ ಭರವಸೆ ತೀರ ಕಡಿಮೆ. ವಿವೇಚನೆಯ ದುರ್ಬಳಕೆ ಕಣ್ಣಿಗೆ ರಾಚುವಂತಿದ್ದರೆ ಮಾತ್ರ ಮೇಲಿನ ನ್ಯಾಯಾಲಯ ಕೈಹಾಕುತ್ತದೆ.

ನ್ಯಾಯಾಧೀಶರ ವಿವೇಚನೆ ಎಷ್ಟು ಅಗಲ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಫಿಲಡೆಲ್ಫಿಯಾದ ಗಾಯಕ ಮೀಕ್ ಮಿಲ್ ಪ್ರಕರಣ. 2007ರಲ್ಲಿ, 19ನೆಯ ವಯಸ್ಸಿನಲ್ಲಿ ಬಂಧನ. 2008ರಲ್ಲಿ ಬಂದೂಕು ಮತ್ತು ಮಾದಕ ವಸ್ತುವಿನ ಆರೋಪಗಳು ರುಜುವಾದವು, ಜೈಲಿನ ಬೆನ್ನಿಗೆ ಪ್ರೊಬೇಷನ್ ಬಂತು. ಉಲ್ಲಂಘನೆಯ ಮೇಲೆ ಉಲ್ಲಂಘನೆ, ಅವಧಿಯ ಮೇಲೆ ಅವಧಿ ಸೇರಿ ಅದು ಹತ್ತು ವರ್ಷ ಎಳೆಯಿತು. 2017ರ ನವೆಂಬರಿನಲ್ಲಿ ಸರ್ಕಾರಿ ವಕೀಲರೂ ಪ್ರೊಬೇಷನ್ ಅಧಿಕಾರಿಯೂ ಜೈಲು ಬೇಡವೆಂದರೂ ನ್ಯಾಯಾಧೀಶರು ಎರಡರಿಂದ ನಾಲ್ಕು ವರ್ಷ ವಿಧಿಸಿದರು. 2018ರ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿತು. 2019ರಲ್ಲಿ ಮೂಲ ತೀರ್ಪೇ ಬಿದ್ದುಹೋಯಿತು. ತಾಂತ್ರಿಕ ಉಲ್ಲಂಘನೆಗೆ ಜೈಲನ್ನು ಮಿತಗೊಳಿಸುವ ಕಾನೂನು ಪೆನ್ಸಿಲ್ವೇನಿಯಾದಲ್ಲಿ 2023ರ ಡಿಸೆಂಬರಿನಲ್ಲಿ ಬಂತು. ಅದಕ್ಕೆ ಮೊದಲೇ, 2021ರ ಜನವರಿಯಿಂದ, ಕ್ಯಾಲಿಫೋರ್ನಿಯಾ ಪ್ರೊಬೇಷನ್ನಿನ ಅವಧಿಯನ್ನೇ ಹೆಚ್ಚಿನ ಸಣ್ಣ ಅಪರಾಧಗಳಿಗೆ ಒಂದು ವರ್ಷಕ್ಕೆ, ದೊಡ್ಡವಕ್ಕೆ ಎರಡು ವರ್ಷಕ್ಕೆ ಕತ್ತರಿಸಿತ್ತು.

ಹೊಸ ಅಪರಾಧದ ಆರೋಪವೂ ಜೊತೆಗಿದ್ದರೆ ವಕೀಲರು ಎರಡು ದೋಣಿಯಲ್ಲಿ ಕಾಲಿಡಬೇಕಾಗುತ್ತದೆ. ರದ್ದತಿ ವಿಚಾರಣೆಯಲ್ಲಿ ಕಕ್ಷಿದಾರ ಬಾಯಿಬಿಟ್ಟರೆ ಅದು ಹೊಸ ಮೊಕದ್ದಮೆಗೆ ಸಾಕ್ಷ್ಯವಾಗಬಹುದು. ಬಿಡದಿದ್ದರೆ ಪ್ರೊಬೇಷನ್ ಉಳಿಸಿಕೊಳ್ಳುವ ಅವಕಾಶ ಹೋಗುತ್ತದೆ. ಹೊಸ ಪ್ರಕರಣ ಮುಗಿಯುವವರೆಗೆ ವಾಯಿದೆ ಕೇಳುವುದು ರೂಢಿಯ ಉಪಾಯ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1975ರಲ್ಲೇ ಇದಕ್ಕೊಂದು ಪರಿಹಾರ ಕಂಡುಕೊಂಡಿತು: ರದ್ದತಿ ವಿಚಾರಣೆಯ ಹೇಳಿಕೆಯನ್ನು ಹೊಸ ಮೊಕದ್ದಮೆಯಲ್ಲಿ ಆರೋಪ ರುಜುವಾತು ಮಾಡಲು ಬಳಸುವಂತಿಲ್ಲ.

ಅಮೆರಿಕದಲ್ಲಿ ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವ ಕನ್ನಡಿಗರಿಗೂ ಅನ್ವಯಿಸುವ ಒಂದು ಅಪಾಯ ಇದೆ. ವಲಸೆ ಕಾನೂನಿನ ಪ್ರಕಾರ ಕಳವು ಅಥವಾ ಹಿಂಸೆಯ ಅಪರಾಧಕ್ಕೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅದು ಗಡೀಪಾರಿಗೆ ದಾರಿಯಾಗುವ ಘೋರ ಅಪರಾಧಗಳ ಪಟ್ಟಿಗೆ ಸೇರುತ್ತದೆ. ಮೊದಲು ಶಿಕ್ಷೆ ಘೋಷಿಸದೆ ಪ್ರೊಬೇಷನ್ ಕೊಟ್ಟಿದ್ದು, ಆಮೇಲೆ ರದ್ದಾಗಿ 365 ದಿನ ವಿಧಿಸಿದರೆ, ಆ ದಿನಗಳೂ ಮೂಲ ಅಪರಾಧದ ಲೆಕ್ಕಕ್ಕೇ. 364 ದಿನವಾದರೆ ಆ ಗೆರೆ ದಾಟುವುದಿಲ್ಲ. ಒಂದು ದಿನದ ಈ ಅಂತರಕ್ಕಾಗಿಯೇ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿದವು. ತಪ್ಪೊಪ್ಪಿಗೆಗೆ ಮುನ್ನ ಗಡೀಪಾರಿನ ಅಪಾಯವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರ ಪಡಿಯಾ ತೀರ್ಪು ಹೇಳಿದೆ.

ಭಾರತದಲ್ಲಿ

ಭಾರತದಲ್ಲಿ ಇದಕ್ಕೆ ಸಮಾನವಾದದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಅದರ 4ನೆಯ ಕಲಮಿನಡಿ ನ್ಯಾಯಾಲಯ ಅಪರಾಧಿಯಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಮೂರು ವರ್ಷ ಮೀರದ ಅವಧಿಗೆ ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧಗಳಿಗೆ ಈ ಅವಕಾಶವಿಲ್ಲ. 21 ವರ್ಷದೊಳಗಿನವರ ವಿಷಯದಲ್ಲಿ 6ನೆಯ ಕಲಮು ಇನ್ನೂ ಉದಾರ. ಜೈಲಿಗೆ ಕಳಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು.

ರದ್ದತಿಯ ವಿಧಾನ 9ನೆಯ ಕಲಮಿನಲ್ಲಿದೆ. ಪರಿವೀಕ್ಷಣಾಧಿಕಾರಿಯ ವರದಿಯಿಂದ ಅಥವಾ ಬೇರೆ ಮೂಲದಿಂದ ಮುಚ್ಚಳಿಕೆಯ ಷರತ್ತು ಮುರಿದಿದೆ ಎಂದು ನಂಬಲು ಕಾರಣ ಸಿಕ್ಕರೆ ನ್ಯಾಯಾಲಯ ವಾರಂಟ್ ಹೊರಡಿಸಬಹುದು, ಇಲ್ಲವೇ ಅಪರಾಧಿಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಬಹುದು. ವಿಚಾರಣೆ ಮುಗಿಯುವವರೆಗೆ ಬಂಧನದಲ್ಲಿಡುವ, ಜಾಮೀನು ಕೊಡುವ ಎರಡೂ ಅಧಿಕಾರವಿದೆ. ವಾದ ಕೇಳಿದ ಮೇಲೆ ಉಲ್ಲಂಘನೆ ಖಚಿತವೆನಿಸಿದರೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಉಲ್ಲಂಘನೆ ಮೊದಲನೆಯ ಸಲದ್ದಾದರೆ ಮುಚ್ಚಳಿಕೆಯನ್ನು ಹಾಗೆಯೇ ಮುಂದುವರಿಸಿ, 50 ರೂಪಾಯಿ ಮೀರದ ದಂಡ ಹಾಕಿ ಬಿಡಬಹುದು. 1958ರಲ್ಲಿ 50 ರೂಪಾಯಿ ಒಂದು ಮೊತ್ತವೇ ಆಗಿತ್ತು. ಇಂದು ಒಂದು ಊಟದ ಬೆಲೆಯೂ ಅಲ್ಲದ ಆ ದಂಡ ಮತ್ತು ಮೂಲ ಅಪರಾಧದ ಪೂರ್ಣ ಶಿಕ್ಷೆ, ಇವೆರಡರ ನಡುವೆ ಈ ಕಲಮು ಬೇರೇನನ್ನೂ ಹೇಳುವುದಿಲ್ಲ. ಆ 50 ರೂಪಾಯಿಯನ್ನು ಗಡುವಿನೊಳಗೆ ಕಟ್ಟದಿದ್ದರೆ ಮೂಲ ಅಪರಾಧದ ಶಿಕ್ಷೆಯ ಬಾಗಿಲು ಮತ್ತೆ ತೆರೆಯುತ್ತದೆ.

ರಕ್ಷಣೆಯ ವಾದಕ್ಕೆ ಇನ್ನೆರಡು ಕಲಮುಗಳು ಒದಗಿಬರುತ್ತವೆ. 8ನೆಯ ಕಲಮಿನಂತೆ ಪರಿವೀಕ್ಷಣಾಧಿಕಾರಿಯ ಅರ್ಜಿಯ ಮೇಲೆ ಷರತ್ತುಗಳನ್ನೇ ಬದಲಿಸಬಹುದು. ಊರು ಬಿಟ್ಟು ಕೂಲಿಗೆ ಹೋಗಬೇಕಾದವನು ಮುರಿದ ಮೇಲೆ ಕ್ಷಮೆ ಕೇಳುವುದಕ್ಕಿಂತ, ಮುರಿಯುವ ಮುನ್ನ ಅಧಿಕಾರಿಯ ಮೂಲಕ ಬದಲಾವಣೆ ಕೇಳುವುದು ಕ್ಷೇಮ. 12ನೆಯ ಕಲಮು ಪ್ರೊಬೇಷನ್ ಸಿಕ್ಕವರನ್ನು ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆಗಳಿಂದ ಪಾರುಮಾಡುತ್ತದೆ. ಆದರೆ ರದ್ದಾಗಿ ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಆ ರಕ್ಷಣೆ ಹೋಗುತ್ತದೆ. ವಿಚಾರಣೆಯಲ್ಲಿ ಜೈಲಿನ ದಿನಗಳ ಜೊತೆಗೆ ಇದೂ ಪಣಕ್ಕಿದೆ ಎಂಬುದನ್ನು ವಕೀಲರು ನ್ಯಾಯಾಧೀಶರ ಗಮನಕ್ಕೆ ತರಬೇಕು.

ವಕೀಲರಿಗೆ ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮು ನೆರವಾಗುತ್ತದೆ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮೊದಲಾದವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು; ಉಳಿದವರಿಗೆ ಆದಾಯದ ಮಿತಿಯಿದೆ. ಕರ್ನಾಟಕದಲ್ಲಿ ಇದಕ್ಕೆ ಅರ್ಜಿ ಕೊಡಬೇಕಾದದ್ದು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಕರೆ ಮಾಡುವಾಗ ಮುಚ್ಚಳಿಕೆಯ ಪ್ರತಿ, ಸಮನ್ಸಿನ ಪ್ರತಿ ಮತ್ತು ಮೂಲ ಆದೇಶದ ದಿನಾಂಕ ಕೈಯಲ್ಲಿರಲಿ.